ನಡುರಸ್ತೆಯಲ್ಲಿ ನಡು ಹಿಡಿದದ್ದು

"ನಾನು ಒಂದು ಸಲ ಮಲಗಿದೆ ಅಂದ್ರೆ ಆ ಕಾರು ಶುಲ್ಕ ಮತ್ತೆ ಏಳಲ್ಲ, ಬರೆದಿಟ್ಕೋ," ಎಂದು ಮಲಗಣ್ಣ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ. ತಟ್ಟಿದ್ದು ಸ್ವಲ್ಪ ಜೋರಾಗಿ ಕೆಮ್ಮು ಬಂತು.

ಮಲಗಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಷ್ಟು ಕಾಲ ಅವನು ಸಂಘದ ಮುಖಂಡನೂ ಆಗಿದ್ದ. ಬೇರೆ ಮುಖಂಡರು ಭಾಷಣ ಬಿಗಿಯುತ್ತಿದ್ದರು, ಮನವಿಪತ್ರ ಹಿಡಿದು ಅಲೆಯುತ್ತಿದ್ದರು. ಇವನು ಸೀದಾ ಹೋಗಿ ರಸ್ತೆಯಲ್ಲಿ ಅಂಗಾತ ಮಲಗುತ್ತಿದ್ದ. ಲಾರಿಯ ಮುಂದೆ ಮಲಗಿದ್ದಾನೆ, ರೋಡ್ ರೋಲರ್ ಮುಂದೆ ಮಲಗಿದ್ದಾನೆ, ಒಮ್ಮೆ ಮಂತ್ರಿಯ ಕಾರಿನ ಮುಂದೆ ಮಲಗಿ ನಿಜವಾಗಿಯೂ ನಿದ್ದೆ ಹೋಗಿ ಗೊರಕೆ ಹೊಡೆದಿದ್ದಾನೆ. ಬೇಡಿಕೆ ಈಡೇರುವ ಮೊದಲು ಎದ್ದ ದಾಖಲೆ ಮಾತ್ರ ಇಲ್ಲ.

ಇಂಥ ವೀರನ ಕೈಗೆ ನಿವೃತ್ತಿಯ ಹಣ ಬಂದದ್ದೇ ಒಂದು ಹಳೇ ನೀಲಿ ಕಾರು ಮನೆ ಮುಂದೆ ಬಂದು ನಿಂತಿತು. ಜೀವಮಾನವಿಡೀ ಬಸ್ಸಿನ ಅಡಿಯಲ್ಲಿ ಬಿದ್ದುಕೊಂಡಿದ್ದವನು ಈಗ ಸ್ಟೀರಿಂಗಿನ ಹಿಂದೆ ರಾಜನ ಹಾಗೆ ಕೂತ. ಗಡ್ಡದ ಬ್ಲೇಡು ಬೇಕಾದರೂ ಕಾರು ತೆಗೆದುಕೊಂಡು ಊರ ನಡುವಿನ ಮಾರುಕಟ್ಟೆ ಬೀದಿಗೇ ಹೋಗುತ್ತಿದ್ದ. ಅಷ್ಟರಲ್ಲಿ ನಗರಸಭೆಯವರು ಆ ಬೀದಿಗಳಿಗೆ ಕಾರು ತರುವವರೆಲ್ಲ ಶುಲ್ಕ ಕಟ್ಟಬೇಕು ಎಂಬ ನಿರ್ಣಯ ತಂದರು. ನಾಳೆ ಬೆಳಿಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುವುದು, ಮಧ್ಯಾಹ್ನ ಮತಕ್ಕೆ ಹಾಕುವುದು.

ಹೆಂಡತಿ ಎಡಮೊಣಕಾಲಿನ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಅವಳು ಸಿಟಿ ಬಸ್ಸಿನ ಡ್ರೈವರು. ಆ ನಡುಬೀದಿಗಳಲ್ಲಿ ದಿನವಿಡೀ ಕ್ಲಚ್ ಒತ್ತಿ, ಬಿಟ್ಟು, ಒತ್ತಿ, ಮೊಣಕಾಲು ಊದಿ ಹಲಸಿನಕಾಯಿ ಆಗಿತ್ತು.

"ಬ್ಲೇಡು ತರೋಕೆ ಒಂದು ಟನ್ ಕಬ್ಬಿಣ ಎಳ್ಕೊಂಡು ಹೋಗೋರ ಹತ್ರ ದುಡ್ಡು ಇಸ್ಕೊಳ್ಳಲೇಬೇಕು," ಎಂದಳು.

"ದುಡ್ಡಿರೋನು ಬಿಸಾಕಿ ಒಳಗೆ ಹೋಗ್ತಾನೆ ಕಣೇ. ನನ್ನಂಥ ಹಳೇ ಕಾರಿನವನು ಹೊರಗೆ ನಿಲ್ಲಬೇಕಾ? ರಸ್ತೆ ಯಾರಪ್ಪನ ಮನೇದು? ಜನರದ್ದು."

"ನನ್ನ ಬಸ್ಸಲ್ಲಿ ನಿಂತ್ಕೊಂಡು ಬೆವರೋರು ಏನು, ಮೂಟೆಗಳಾ?"

"ಇವತ್ತು ಕಾರಿಗೆ ಹಾಕ್ತಾರೆ, ನಾಳೆ ಉಸಿರಿಗೂ ಹಾಕ್ತಾರೆ."

"ಹಾಕ್ಲಿ. ನಿಮ್ಮ ಭಾಷಣ ಆದ್ರೂ ಕಮ್ಮಿ ಆಗುತ್ತೆ. ರೀ, ಸೊಂಟ ಮೊದಲಿನ ಹಾಗಿಲ್ಲ, ಮಲಗೋ ಆಟ ಬೇಡ."

"ಸಿಂಹಕ್ಕೆ ವಯಸ್ಸಾಗಲ್ಲ."

"ಸಿಂಹ ಡಾಂಬರಿನ ಮೇಲೆ ಮಲಗೋದೂ ಇಲ್ಲ," ಎಂದು ಅವಳು ಚೀಲ ತಿರುಗಿಸಿ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ನಗರಸಭೆಯ ಬೀದಿಗೆ ಕಾರುಗಳ ದಂಡು ನುಗ್ಗಿತು. ಮುಂದೆ ನೀಲಿ ಕಾರು, ಅದರ ತಲೆಯ ಮೇಲೆ ಎರಡು ಧ್ವನಿವರ್ಧಕ. ಬಲಗೈ ಬಂಟನಾದ ಬಣ್ಣದಂಗಡಿಯವನು ಮಲಗಣ್ಣನ ಕಾಲರಿಗೆ ಮೈಕು ಸಿಕ್ಕಿಸಿದ. ಇನ್ನೊಂದು ಕೆಲಸವನ್ನೂ ಅವನು ಚಾಚೂ ತಪ್ಪದೆ ಮಾಡಿದ್ದ. ಮಲಗಣ್ಣನ ಯುದ್ಧತಂತ್ರ ಹೀಗಿತ್ತು: ಬೀದಿ ತುಂಬ ಕಾರು ನಿಲ್ಲಿಸಿ, ಬೀಗ ಹಾಕಿ, ಎಲ್ಲರೂ ಚಹಾ ಕುಡಿಯಲು ಚದುರಿಹೋಗಬೇಕು. ಪೊಲೀಸರು ಬಂದರೂ ಕಾರು ಸರಿಸಲು ಯಾರೂ ಸಿಗಬಾರದು.

ಮಲಗಣ್ಣ ಸಭಾಂಗಣದ ಕಿಟಕಿಯತ್ತ ಮುಖ ಎತ್ತಿ, "ಶುಲ್ಕ ಕೊಡೆವು, ರಸ್ತೆ ಬಿಡೆವು" ಎಂದು ಗುಡುಗಿದ. ಎದುರಿನಿಂದ ಒಂದು ಬಸ್ಸು ಬಂತು. ಹಳೇ ಅಭ್ಯಾಸ ನೋಡಿ, ಚಕ್ರ ಕಂಡ ಕೂಡಲೇ ಮೈ ತಾನಾಗಿ ನೆಲಕ್ಕೆ ಹೋಯಿತು. ಸೊಂಟದಲ್ಲಿ ಕಟಕ್ ಎಂದಿತು. ಆ ಕಟಕ್ ಎರಡೂ ಧ್ವನಿವರ್ಧಕಗಳಲ್ಲಿ ಕೇಳಿಸಿ, ಕಂಬದ ಮೇಲಿದ್ದ ಕಾಗೆಗಳು ಹಾರಿಹೋದವು.

ಬಸ್ಸು ನಿಂತಿತು. ಇಳಿದವಳು ಹೆಂಡತಿ.

"ಏಳ್ರಿ."

"ಏಳಲ್ಲ."

ಅಕ್ಕಪಕ್ಕದ ಅಂಗಡಿಯವರು ಚಪ್ಪಾಳೆ ತಟ್ಟಿದರು. "ಕಟ್ಟಿಕೊಂಡವಳಿಗೂ ಬಗ್ಗಲ್ಲ ನಮ್ಮಣ್ಣ!" ಎಂದು ಬಣ್ಣದಂಗಡಿಯವನು ಕಣ್ಣೊರೆಸಿಕೊಂಡ.

ಮಲಗಣ್ಣ ಮೈಕನ್ನು ಮುಷ್ಟಿಯಲ್ಲಿ ಮುಚ್ಚಿ ಪಿಸುಗುಟ್ಟಿದ: "ಏಳಲ್ಲ ಅಂದ್ರೆ ಏಳೋಕಾಗ್ತಿಲ್ಲ ಕಣೇ. ಹಿಡ್ಕೊಂಡ್ಬಿಟ್ಟಿದೆ. ಯಾರಿಗೂ ಹೇಳ್ಬೇಡ."

ಅವಳು ಬಗ್ಗಿ ನೋಡಿದಳು. ಗಂಡನ ಹೆಬ್ಬೆರಳು ಒಂದೇ ಸಮನೆ ಅದುರುತ್ತಿತ್ತು. ನಾಟಕ ಮಾಡುವಾಗ ಈ ಮನುಷ್ಯನ ಮುಖ ಅದುರುತ್ತದೆಯೇ ಹೊರತು ಹೆಬ್ಬೆರಳಲ್ಲ ಎಂದು ಅವಳಿಗೆ ಗೊತ್ತು. ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆಂಬುಲೆನ್ಸ್ ಬೇಗನೇ ಬಂತು, ಬೀದಿಯ ಆ ತುದಿಯ ತನಕ. ಅಲ್ಲಿ ನಿಂತು ಕೂಗಿಕೊಳ್ಳತೊಡಗಿತು. ನಡುವೆ ಕಾರುಗಳ ಸಾಗರ; ಈ ಕಡೆ ಬಸ್ಸು, ಅದರ ಹಿಂದೆ ಸಿಕ್ಕಿಕೊಂಡ ಗಾಡಿಗಳು.

"ಅವುಗಳನ್ನ ತೆಗೆಸೋ," ಎಂದು ಮಲಗಣ್ಣ ನರಳಿದ.

"ಯಾರೂ ಇಲ್ಲ ಅಣ್ಣ," ಎಂದ ಬಣ್ಣದಂಗಡಿಯವನು, ಬೆನ್ನು ತಟ್ಟಿಸಿಕೊಳ್ಳುವ ಹುಮ್ಮಸ್ಸಿನಲ್ಲಿ. "ನೀವು ಹೇಳಿದ ಹಾಗೇ, ಹುಡುಕಿದ್ರೂ ಒಬ್ಬ ಸಿಗಲ್ಲ."

ಸರಿ, ಎತ್ತೋಣ ಎಂದು ಬಸ್ಸಿನ ಪ್ರಯಾಣಿಕರು ನಾಲ್ಕೂ ಕಡೆ ಕೈ ಹಾಕಿದರು. ಮಲಗಣ್ಣನ ಮುಷ್ಟಿ ಮೈಕು ಬಿಟ್ಟು ಸೊಂಟಕ್ಕೆ ಹೋಯಿತು.

"ಅಯ್ಯಯ್ಯೋ! ಎಷ್ಟು ಬೇಕಾದ್ರೂ ದುಡ್ಡು ಇಸ್ಕೊಳ್ರೋ, ಈ ದರಿದ್ರ ಕಾರುಗಳನ್ನ ಇಲ್ಲಿಂದ ತೆಗೆಸ್ರೋ! ಊರ ನಡುವೆ ಕಾರು ತರ್ತಾರಲ್ಲ, ತಲೇಲಿ ಬುದ್ಧಿ ಇಲ್ವೇನ್ರೋ ಇವ್ರಿಗೆ!"

ಎರಡೂ ಧ್ವನಿವರ್ಧಕಗಳು ಅದನ್ನು ಬೀದಿಗೆಲ್ಲ ಸಾರಿದವು. ಮಹಡಿಯ ಕಿಟಕಿಯಿಂದ ನಗರಸಭೆಯ ಅಧ್ಯಕ್ಷೆ ತಲೆ ಹೊರಹಾಕಿದರು.

"ಒಳ್ಳೇ ಮಾತು. ಯಾರ್ರೀ ಅದು ಹೇಳಿದ್ದು?"

"ನಮ್ಮ ಮುಖಂಡರು," ಎಂದು ಬಣ್ಣದಂಗಡಿಯವನು ಅಭ್ಯಾಸಬಲದಿಂದ ಕೈ ಎತ್ತಿ ಕೂಗಿದ.

ಸ್ಟ್ರೆಚರ್ ತರಲೂ ಜಾಗವಿರಲಿಲ್ಲ. ಕೊನೆಗೆ ಘೋಷಣೆ ಬರೆಸಿದ್ದ ದೊಡ್ಡ ಪ್ಲೈವುಡ್ ಹಲಗೆಯ ಮೇಲೇ ಮಲಗಣ್ಣನನ್ನು ಹಾಕಿದರು. "ರಸ್ತೆ ಬಿಡೆವು" ಎನ್ನುವ ಅಕ್ಷರಗಳ ಮೇಲೆ ಮಲಗಿ, ಬೀಗ ಹಾಕಿದ ಕಾರುಗಳ ತಲೆಯ ಮೇಲಿಂದ ಕೈಯಿಂದ ಕೈಗೆ ದಾಟುತ್ತ, ಅವನು ರಸ್ತೆ ಬಿಟ್ಟು ಹೋದ. ನಡುವೆ ತನ್ನ ನೀಲಿ ಕಾರಿನ ಮೇಲೂ ಹಾದುಹೋದ. ಅದರ ಧ್ವನಿವರ್ಧಕಕ್ಕೆ ತಲೆ ತಗಲಿ ಒಂದು ಬುಗುಟೂ ಎದ್ದಿತು.

ಗಟ್ಟಿ ಹಲಗೆಯ ಮೇಲೆ ಮಲಗಿಸಿ ಎಂದರು ಡಾಕ್ಟರು. ಬೇರೆ ಹಲಗೆ ಹುಡುಕುವುದು ಯಾಕೆ ಎಂದು ಅದೇ ಪ್ಲೈವುಡ್ಡು ಮನೆಗೆ ಬಂತು. ಕೋಣೆಯಲ್ಲಿ ಹಿಡಿಸದೆ ನಡುಮನೆಯಲ್ಲಿ, ಸರಿಯಾಗಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಬಿತ್ತು. ಸಂಜೆ ಹೆಂಡತಿ ಕುಂಟುತ್ತ ಬಂದು ಅದರ ಮುಂದೆ ನಿಂತಳು.

"ಮತ ಹಾಕಿದ್ರಾ?" ಎಂದ ಮಲಗಣ್ಣ, ಚಾವಣಿ ನೋಡುತ್ತ.

"ಹಾಕಿದ್ರು. ಶುಲ್ಕ ಪಾಸಾಯ್ತು. ಜನಾಭಿಪ್ರಾಯ ಅಂತ ನಿಮ್ಮ ಮಾತನ್ನೇ ಓದಿದ್ರಂತೆ. ದರಿದ್ರ ಅನ್ನೋದನ್ನ ಮಾತ್ರ ಬಿಟ್ರಂತೆ."

ಮಲಗಣ್ಣ ಅಷ್ಟು ವರ್ಷ ಎಷ್ಟು ಚಕ್ರಗಳ ಮುಂದೆ ಮಲಗಿದ್ದ. ಒಂದೂ ಅವನ ಮೇಲೆ ಹತ್ತಿರಲಿಲ್ಲ. ಇವತ್ತು ಸ್ವಂತ ನಾಲಿಗೆಯೇ ಹತ್ತಿಹೋಗಿತ್ತು.

"ನನ್ನ ದಾಖಲೆ ಮುರಿದುಹೋಯ್ತು ಕಣೇ," ಎಂದ ಸಣ್ಣ ದನಿಯಲ್ಲಿ.

"ಎಲ್ಲಿ ಮುರಿದಿದೆ? ಕಾರು ತೆಗೆಸಿ ಅಂದ್ರಿ, ತೆಗೆಸ್ತಾ ಇದಾರೆ," ಎಂದು ಅವಳು ನೋಯುವ ಮೊಣಕಾಲನ್ನು ಎರಡೂ ಕೈಯಿಂದ ಎತ್ತಿ ಅವನನ್ನು ದಾಟಿದಳು. "ಬೇಡಿಕೆ ಈಡೇರಿದೆ. ಇನ್ನಾದ್ರೂ ಏಳ್ರಿ, ಅಡುಗೆಮನೆಗೆ ದಾರಿ ಬಿಡಿ."