ನಾಲ್ಕನೇ ಸೀಟಿನ ಗತ್ತು

ನನಗೆ ಕುರ್ಚಿಯಲ್ಲಿ ಪೂರ್ತಿ ಕೂರಲು ಬರುವುದಿಲ್ಲ. ಈಜು ಬರುವುದಿಲ್ಲ, ಸೈಕಲ್ ಬರುವುದಿಲ್ಲ ಎಂದು ಜನ ಧಾರಾಳವಾಗಿ ಹೇಳಿಕೊಳ್ಳುತ್ತಾರೆ; ಇದನ್ನು ಮಾತ್ರ ಯಾರಿಗೆ ಹೇಳುವುದು? ಲೋಕಲ್ ರೈಲಿನಲ್ಲಿ ಮೂವರಿಗೆಂದು ಮಾಡಿದ ಬೆಂಚಿನ ಮೇಲೆ ನಾಲ್ಕನೆಯವನೂ ಕೂರಬೇಕೆಂಬುದು ನಮ್ಮ ಕಡೆಯ ಅಲಿಖಿತ ಕಾನೂನು. ಆ ನಾಲ್ಕನೆಯವನು ನಾನು. ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಐರೋಲಿಯ ಆಫೀಸಿಗೆ, ಹನ್ನೊಂದು ವರ್ಷ ಅರ್ಧ ದೇಹವನ್ನು ಬೆಂಚಿನ ಮೇಲೂ ಇನ್ನರ್ಧವನ್ನು ಗಾಳಿಯಲ್ಲೂ ಇಟ್ಟುಕೊಂಡು ಓಡಾಡಿದ್ದೇನೆ. ಈಗ ಸಿಂಹಾಸನ ಕೊಟ್ಟರೂ ಅದರ ಅಂಚಿನಲ್ಲೇ ಕೂರುತ್ತೇನೆ. ಮನೆಯ ಸೋಫಾದಲ್ಲೂ ಅದೇ ಕಥೆ. "ಪಪ್ಪಾ, ನೀಟ್ ಬಸಾ ನಾ" ಎಂದು, ಸರಿಯಾಗಿ ಕೂರುವಂತೆ ಮಗಳು ಮರಾಠಿಯಲ್ಲಿ ಗದರುತ್ತಾಳೆ.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಈ ಅರ್ಧಾಸನವೇ ನನ್ನ ಬಡ್ತಿಗೆ ಕಲ್ಲು ಹಾಕಿತು. ಎರಡು ಸಲ ಮ್ಯಾನೇಜರ್ ಹುದ್ದೆ ತಪ್ಪಿತ್ತು. ಮೂರನೆಯ ಸಲವೂ ತಪ್ಪಿದರೆ, ನಾನೇ ಕೈಹಿಡಿದು ಕೆಲಸ ಕಲಿಸಿದ ಅಮೇಯ ನನ್ನ ಬಾಸ್ ಆಗುತ್ತಿದ್ದ. ನನ್ನ ರಜೆ ಅರ್ಜಿಗೆ ಅವನ ಸಹಿ ಬೇಕಾಗುತ್ತಿತ್ತು. "ಕೆಲಸ ಅದ್ಭುತ, ಆದರೆ ಎಕ್ಸಿಕ್ಯುಟಿವ್ ಪ್ರೆಸೆನ್ಸ್ ಇಲ್ಲ" ಎಂದರು ನಮ್ಮ ಡೈರೆಕ್ಟರ್ ಮೇಡಂ; ಅಂದರೆ ಅಧಿಕಾರಿಯ ಗತ್ತು ಇಲ್ಲ. ಸರ್ವರ್ ಕೆಟ್ಟಾಗ ನಾನು ಎಲ್ಲಿದ್ದರೂ ಇವರಿಗೆಲ್ಲ ನನ್ನ ಪ್ರೆಸೆನ್ಸ್ ತಟ್ಟನೆ ನೆನಪಾಗುತ್ತಿತ್ತು. ಬಡ್ತಿಯ ಹೊತ್ತಿಗೆ ಮಾತ್ರ ಕಾಣದಾಗುತ್ತಿತ್ತು. ನಮ್ಮ ಹಳೆಯ ಮ್ಯಾನೇಜರ್‌ಗೆ ಆ ಗತ್ತು ಎಷ್ಟಿತ್ತೆಂದರೆ, ಅವರು ಮೂರು ವರ್ಷ ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡದಿದ್ದದ್ದು ಅವರು ಬಿಟ್ಟುಹೋದ ಮೇಲೇ ಗೊತ್ತಾಯಿತು. ಈ ಅನ್ಯಾಯವನ್ನು ಹೆಂಡತಿಯ ಮುಂದೆ ತೋಡಿಕೊಂಡೆ. "ಮನೇಲಿದ್ರೂ ನೀವು ಇದ್ದೀರೋ ಇಲ್ವೋ ಅಂತ ನಾನೇ ಬಂದು ನೋಡ್ಬೇಕು. ಆಫೀಸಿನವರನ್ನ ಯಾಕೆ ಬೈತೀರಿ?" ಎಂದು ಅವಳು ಕುಕ್ಕರ್ ಇಳಿಸಿದಳು.

ನನ್ನಂಥವರನ್ನು ರಿಪೇರಿ ಮಾಡಲು ಕಂಪನಿ ಒಬ್ಬ ಕೋಚ್‌ನನ್ನು ಕರೆಸಿತು. ಸೂಟು, ಹೊಳೆಯುವ ಬೂಟು, ಎಲ್ಲಿ ತಯಾರಾಯಿತೆಂದು ತಿಳಿಯದ ಇಂಗ್ಲಿಷು. ಮೊದಲ ದಿನವೇ ಅರ್ಧ ಗಂಟೆ ತಡವಾಗಿ ಬಂದು, "ಖಾಡಿ ಸೇತುವೆಯ ಟ್ರಾಫಿಕ್ಕಿನಲ್ಲಿ ಕಾರು ಸಿಕ್ಕಿಹಾಕಿಕೊಂಡಿತು" ಎಂದ. ಆತನ ಪ್ರಕಾರ ನಾಯಕರು ಊಟದ ಡಬ್ಬಿ ಹಿಡಿದು ನಡೆಯುವುದಿಲ್ಲವಂತೆ. ಪ್ರಶ್ನೆ ಕೇಳಿದರೆ ಮೂರು ಎಣಿಸಿ, ಕಣ್ಣಲ್ಲಿ ಕಣ್ಣಿಟ್ಟು, ಆಮೇಲೆ ಬಾಯಿ ತೆರೆಯುತ್ತಾರಂತೆ. ಬಚ್ಚಲಿನ ಕನ್ನಡಿಯೆದುರು ದಿನಾ ಎರಡು ನಿಮಿಷ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಧೈರ್ಯ ಬರುತ್ತದಂತೆ. ನಾನೂ ನಿಂತೆ. ಬಂದದ್ದು ನೆಗಡಿ. ಎಲ್ಲಕ್ಕಿಂತ ಮುಖ್ಯವಾಗಿ, ನಾನು ಕೂತ ಭಂಗಿ ನೋಡಿ ಆತ ತಲೆ ಚಚ್ಚಿಕೊಂಡ. "ಸರ್, ಜಗಹ್ ಲೋ! ಕುರ್ಸಿ ಆಪ್ ಕೀ ಹೈ!" ಎಂದ. ಕುರ್ಚಿ ನನ್ನದಂತೆ, ಜಾಗ ಹಿಡಿಯಬೇಕಂತೆ; ಹಿಂದೆ ಒರಗಿ, ಮಂಡಿ ಅಗಲಿಸಿ ಕೂರಬೇಕಂತೆ, ಯಾರಿಗೂ ಸರಿಯಬಾರದಂತೆ. ಹೀಗೆ ಮೈಯಗಲಿಸಿ ಕೂರುವವರನ್ನು ರೈಲಿನಲ್ಲಿ ನಾವು ಏನೆಂದು ಕರೆಯುತ್ತೇವೆಂದು ಹೇಳಬೇಕೆನಿಸಿತು. ಫೀಡ್‌ಬ್ಯಾಕ್ ಕಾಗದದಲ್ಲಿ 'ಶುದ್ಧ ದಂಡ' ಎಂದು ಬರೆದು, ಗುಟ್ಟಾಗಿ ಮನೆಯ ಊಟದ ಕುರ್ಚಿಯಲ್ಲಿ ಹದಿನೈದು ದಿನ ಅಭ್ಯಾಸ ಮಾಡಿದೆ.

ಸಂದರ್ಶನದ ದಿನ ನಾನು ನಾನಾಗಿರಲಿಲ್ಲ. ಬೆನ್ನು ಪೂರ್ತಿ ಒರಗಿತ್ತು, ಕೈಗಳೆರಡೂ ಕುರ್ಚಿಯ ತೋಳುಗಳನ್ನು ಆಕ್ರಮಿಸಿದ್ದವು. ಒಂದು, ಎರಡು, ಮೂರು ಎಣಿಸಿ ಉತ್ತರ ಕೊಟ್ಟೆ. ಮೇಡಂ ಹುಬ್ಬೇರಿಸಿ ಏನೋ ಬರೆದುಕೊಂಡರು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆದು ಕಂಪನಿಯ ಅಧ್ಯಕ್ಷರೇ ಒಳಗೆ ಬಂದರು. ಕೋಣೆಯಲ್ಲಿ ಖಾಲಿ ಕುರ್ಚಿ ಇರಲಿಲ್ಲ. ಅವರು ಅತ್ತಿತ್ತ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ದಿನಾ ಎರಡು ಹೊತ್ತು ರೈಲಿನಲ್ಲಿ ನೋಡಿದ್ದೇನೆ. ನನ್ನ ದೇಹ ನನ್ನನ್ನು ಒಂದು ಮಾತೂ ಕೇಳದೆ ಕುರ್ಚಿಯ ಅಂಚಿಗೆ ಸರಿಯಿತು. ಉಳಿದ ಅರ್ಧವನ್ನು ತಟ್ಟಿ, "ಬೈಠಿಯೇ ಸರ್, ಹೋ ಜಾಯೇಗಾ" ಎಂದು ಕೂರಲು ಕರೆದುಬಿಟ್ಟೆ.

ಅದು ಒಬ್ಬರ ಕುರ್ಚಿ, ತಿರುಗುವಂಥದ್ದು. ಅಧ್ಯಕ್ಷರು ನನ್ನ ತೊಡೆಯ ಪಕ್ಕದ ಒಂದು ಗೇಣು ಜಾಗವನ್ನು ಬಹಳ ಹೊತ್ತು ನೋಡಿದರು. ಅವರು ಮೂರಲ್ಲ, ಆರು ಎಣಿಸಿದರು. ಆಮೇಲೆ ಯಾರೋ ಓಡಿಹೋಗಿ ಕುರ್ಚಿ ತಂದರು.

ಮರುವಾರ ಅಮೇಯ ಮ್ಯಾನೇಜರ್ ಆದ. ಪೇಢೆ ಹಂಚುತ್ತಾ ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಅದು ಇನ್ನೂ ಹೆಚ್ಚು ಉರಿಯಿತು.

ಅವತ್ತು ಸಂಜೆ ಠಾಣೆಯಿಂದಲೇ ಹೊರಡುವ ಕಲ್ಯಾಣ ಲೋಕಲ್‌ನಲ್ಲಿ, ಯಾವ ಪುಣ್ಯಕ್ಕೋ, ನನಗೆ ಮೂರನೇ ಸೀಟು ಸಿಕ್ಕಿತು. ಹಿಂದೆಯೇ ಒಬ್ಬ ಬ್ಯಾಗನ್ನು ಎದೆಗೆ ಕಟ್ಟಿಕೊಂಡು, ಮಡಿಸಿದ ಕೋಟನ್ನು ಅದರ ಮೇಲಿಟ್ಟುಕೊಂಡು ನುಗ್ಗಿ ಬಂದು, "ಥೋಡಾ ಸರ್ಕೋ ನಾ, ಭಾಯ್" ಎಂದು ಸರಿಯಲು ಕೇಳಿದ. ತಲೆಯೆತ್ತಿ ನೋಡಿದರೆ ನಮ್ಮ ಕೋಚ್. ಕಾರೂ ಇಲ್ಲ, ಇಂಗ್ಲಿಷೂ ಇಲ್ಲ. ಅವನಿಗೆ ನನ್ನ ಗುರುತು ಹತ್ತಲಿಲ್ಲ.

ನಾನು ಹಿಂದೆ ಒರಗಿದೆ. ಮಂಡಿ ಅಗಲಿಸಿದೆ. ಅವನ ಕಣ್ಣಲ್ಲಿ ಕಣ್ಣಿಟ್ಟು ಮೂರು ಎಣಿಸಿದೆ, ಒಂದು ಅಂಗುಲವೂ ಕದಲಲಿಲ್ಲ. ಅವನು ತೆಪ್ಪಗೆ ಕಂಬಿ ಹಿಡಿದು ನಿಂತ. ಜೀವನದಲ್ಲಿ ಅಂಥ ಸುಖವನ್ನು ನಾನು ಕಂಡಿರಲಿಲ್ಲ. ಅದು ಕಳವಾ ಸ್ಟೇಷನ್ನಿನವರೆಗೆ ಬಾಳಿತು. ಅಲ್ಲಿ ಅವನ ಫೋನು ಬಡಿದುಕೊಂಡಿತು. "ಹೂಂ ಯವ್ವಾ, ಗಾಡಿ ಸಿಕ್ಕೈತಿ. ಇಲ್ಲಬೇ, ಕುಂದ್ರಾಕ ಜಾಗಾ ಕೊಡ್ಲಿಲ್ಲ. ಮುಂಜಾನಿಂದ ನಿಂತು ಪಾಠಾ ಹೇಳಿ ಕಾಲು ಸೆಳ್ಯಾಕತ್ತಾವು. ಬರ್ತೀನಿ, ನೀ ಉಂಡು ಮಕ್ಕೋ."

ನನಗೆ ನಾಚಿಕೆಯಾಯಿತು. ಆದರೂ ಸರಿಯಲಿಲ್ಲ, ಅಷ್ಟೆಲ್ಲ ಗತ್ತು ತೋರಿಸಿದ ಮೇಲೆ ಸರಿಯುವುದು ಹೇಗೆಂದು ಅವನು ಕಲಿಸಿರಲಿಲ್ಲ. ದಿವಾ ಸ್ಟೇಷನ್ ಬರುವಾಗ ಬಾಗಿಲ ಕಡೆ ಹೊರಟವನು ತಿರುಗಿ ನನ್ನ ಮುಖವನ್ನು ದಿಟ್ಟಿಸಿದ. ಗುರುತು ಹತ್ತಿತು. ಸಿಟ್ಟಾಗುತ್ತಾನೆಂದುಕೊಂಡೆ. ಮುಖವರಳಿಸಿ, "ಅರೇ ಸರ್! ಪರ್‌ಫೆಕ್ಟ್! ಕ್ಲಾಸ್ ಮೇಂ ಐಸೇ ಕ್ಯೋಂ ನಹೀ ಬೈಠತೇ ಥೇ?" ಎಂದು, ಕ್ಲಾಸಿನಲ್ಲಿ ಯಾಕೆ ಹೀಗೆ ಕೂರುತ್ತಿರಲಿಲ್ಲವೆಂದು ಕೇಳಿ, ಹೆಬ್ಬೆರಳೆತ್ತಿ ತೋರಿಸಿ, ಕುಂಟುತ್ತಾ ಇಳಿದುಹೋದ.

ಗಾಡಿ ಹೊರಟ ಮೇಲೆ ನಾನು ಅಂಚಿಗೆ ಸರಿದು ಕೂತೆ. ಯಾರೂ ಕೇಳಿರಲಿಲ್ಲ. ಆ ಅರ್ಧ ಸೀಟು ಡೊಂಬಿವಲಿಯವರೆಗೂ ನನ್ನ ಪಕ್ಕದಲ್ಲಿ ಖಾಲಿಯೇ ಬಂತು.