ಹಳೇಬೀಡಿನಲ್ಲಿ ನಾನು ಜಡ್ಜಾದದ್ದು

ಆ ವರ್ಷ ನಮ್ಮ ಮನೆಯಲ್ಲಿ ಗಂಟಿಲ್ಲದ ಹಗ್ಗ ಅಂತ ಒಂದೂ ಇರಲಿಲ್ಲ. ಬಟ್ಟೆ ಒಣಗಿಸುವ ಹಗ್ಗ, ಬಾವಿ ಹಗ್ಗ, ಹಸು ಕಟ್ಟುವ ಹಗ್ಗ, ಕಡೆಗೆ ನನ್ನ ಹೊಸ ಲಂಗದ ಲಾಡಿ (ಹೌದು, ಅದನ್ನೂ ಬಿಟ್ಟಿರಲಿಲ್ಲ), ಎಲ್ಲಕ್ಕೂ ಥರಾವರಿ ಗಂಟು. ಕಾರಣ ಇಷ್ಟೇ, ನಮ್ಮ ಮಗ ಶಿವು ಹೈಸ್ಕೂಲಿನಲ್ಲಿ ಸ್ಕೌಟಿಗೆ ಸೇರಿದ್ದ. ಒಂದು ಬೆಳಗ್ಗೆ ನಮ್ಮತ್ತೆ ಪೂಜೆಗೆ ಕೂತವರು ವಿಭೂತಿ ಚೀಲದ ದಾರ ಎಳೆದೂ ಎಳೆದೂ ಸಾಕಾಗಿ, "ಭಾಗ್ಯಾ, ನಿನ್ನ ಮಗ ಶಿವನಿಗೇ ಗಂಟು ಹಾಕವ್ನೆ, ಬಂದು ಬಿಚ್ಚೇ!" ಅಂತ ಕೂಗಿಕೊಂಡರು.

ನಮ್ಮ ಯಜಮಾನರು ಇಂದುಧರ ಅಂತ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದಾರೆ. ಅವರಿಗೆ ಮಗನ ಈ ವಿದ್ಯೆ ಬಹಳ ಹೆಮ್ಮೆ. ಮಂಡಿಯಲ್ಲಿ ಅವನು ಗಂಟು ಹಾಕಿದ ಮೂಟೆಯನ್ನು ಹಮಾಲಿಗಳು ಬಿಚ್ಚಲಾರದೆ ಕುಡುಗೋಲಿನಿಂದ ಕೊಯ್ದರಂತೆ. ಅದನ್ನು ಊಟದ ಹೊತ್ತಿಗೆ ನಮಗೆ ವರದಿ ಮಾಡಿ, "ನಮ್ಮಪ್ಪ ಮುಂದೆ ನಿಂತು ನನಗೆ ಹಾಕ್ಸಿದ ಬ್ರಹ್ಮಗಂಟು ಬಿಟ್ರೆ, ಇಷ್ಟು ಗಟ್ಟಿ ಗಂಟು ನಾನು ನೋಡೇ ಇಲ್ಲ" ಅಂದರು. ನಾನು ಅವರ ತಟ್ಟೆಗೆ ತುಪ್ಪ ಹಾಕದೆ ಒಳಗೆ ಹೋದೆ.

ಆದರೆ ಒಳಗೊಳಗೇ ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಸ್ಕೌಟಿನ ಹುಡುಗರನ್ನೆಲ್ಲ ನಾಲ್ಕು ಗುಂಪು ಮಾಡಿದ್ದರು. ಗುಂಪಿಗೊಬ್ಬ ಲೀಡರು. ನಮ್ಮ ಶಿವು ಒಂದು ಗುಂಪಿಗೆ, ಪಕ್ಕದ ಮನೆ ವೆಂಕಟಲಕ್ಷ್ಮಮ್ಮನ ಮಗ ನಟರಾಜ ಇನ್ನೊಂದಕ್ಕೆ. ಈ ನಾಲ್ವರಲ್ಲಿ ಒಬ್ಬನನ್ನು ಇಡೀ ದಂಡಿಗೇ ದಂಡನಾಯಕ ಮಾಡುತ್ತಾರೆ. ಅವನು ಆಗಸ್ಟ್ ಹದಿನೈದನೇ ತಾರೀಖು ತಾಲ್ಲೂಕು ಮೈದಾನದಲ್ಲಿ ಬಾವುಟ ಹಿಡಿದು ಎಲ್ಲರಿಗಿಂತ ಮುಂದೆ ಹೆಜ್ಜೆ ಹಾಕಬೇಕು. ಶಿವು ಅದಕ್ಕಾಗಿ ನಮ್ಮ ಹಜಾರದಲ್ಲಿ ಪೊರಕೆಗೆ ಟವಲು ಕಟ್ಟಿಕೊಂಡು ದಿನಾ ಸಂಜೆ ನಡೆಯುತ್ತಿದ್ದ. ಆ ವರ್ಷ ನಮ್ಮ ರಸ್ತೆಗೆ ಕೇಬಲ್ ಬಂದಿತ್ತು, ಊರ ಹುಡುಗರೆಲ್ಲ ಟಿವಿ ಮುಂದೆ ಬಿದ್ದಿದ್ದರು. ಇವನು ಅದರ ಮುಂದೆ ಅಡ್ಡಾಡಿಕೊಂಡು, ನನಗೂ ಸೀರಿಯಲ್ ನೋಡಲು ಬಿಡದೆ, "ಸಾವ್ಧಾನ್!" ಅಂತ ಕೂಗುತ್ತಿದ್ದ. ಅವನ ಮುಖ ನೋಡಿದರೆ ಬೈಯಲು ಮನಸ್ಸು ಬರುತ್ತಿರಲಿಲ್ಲ.

ಅಷ್ಟರಲ್ಲಿ ಸ್ಕೌಟ್ ಮಾಸ್ತರರಾದ ಭೀಮರಾಜ್ ಮೇಷ್ಟ್ರು ಹೇಳಿ ಕಳಿಸಿದರು. ಶನಿವಾರ, ಭಾನುವಾರ ಹಳೇಬೀಡಿನಲ್ಲಿ ನಾಯಕತ್ವ ತರಬೇತಿ ಶಿಬಿರ. ದಂಡನಾಯಕನ ಆಯ್ಕೆಯೂ ಅಲ್ಲೇ. ಅಡುಗೆ ಹುಡುಗರದ್ದೇ. ಮನೆಯಿಂದ ತಿಂಡಿ ತರುವಂತಿಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ತಂದೆತಾಯಿಗಳು ಬರಬೇಕು.

ಮನೆಯಿಂದ ತಿಂಡಿ ಬೇಡ ಅಂದರೆ ಕೇಳುವ ತಾಯಿ ಯಾವಳಿದ್ದಾಳೆ? ನಾನು ಕೋಡುಬಳೆ ಮಾಡಿ, ಕಾಲುಚೀಲದ ಒಳಗೆ ತುರುಕಿ, ಅದರ ಮೇಲೆ ಬನಿಯನ್ನು ಸುತ್ತಿ ಚೀಲದ ತಳಕ್ಕೆ ಇಟ್ಟೆ. ಶನಿವಾರ ಬೆಳಗ್ಗೆ ಬಸ್ಸಿಗೆ ಹೊರಡುವಾಗ ಶಿವು ಕಾಲುಚೀಲವನ್ನು ತಂದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟ.

"ಅಮ್ಮ, ಸ್ಕೌಟ್ ಆದೋನು ಮೋಸ ಮಾಡಲ್ಲ."

"ಮೋಸ ಯಾವುದೋ? ಕೋಡುಬಳೆ ಕಣೋ!"

"ಮೇಷ್ಟ್ರು ಕೇಳಿದ್ರೆ ಏನು ಹೇಳ್ಲಿ?"

"ಕಾಲುಚೀಲ ಅನ್ನು."

ಅವನು ನನಗೇ ಒಂದು ಸೆಲ್ಯೂಟ್ ಹೊಡೆದು ಹೊರಟುಹೋದ. ಕೋಡುಬಳೆಯನ್ನು ನಮ್ಮ ಯಜಮಾನರು ಮಂಡಿಗೆ ಒಯ್ದರು. (ಹೊಸ ಕಾಲುಚೀಲ ಕಣ್ರೀ, ಹೆದರಬೇಡಿ.)

ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ನಾನು, ಯಜಮಾನರು, ವೆಂಕಟಲಕ್ಷ್ಮಮ್ಮ. ಈ ವೆಂಕಟಲಕ್ಷ್ಮಮ್ಮ ಒಳ್ಳೆಯ ಹೆಂಗಸೇ. ನಮ್ಮ ಎರಡು ಮನೆಗೂ ಕೊಡು-ಕೊಳ್ಳುವ ಬಳಕೆ. ಆದರೆ ಮಗನ ವಿಷಯ ಬಂದಾಗ ಯಾರ ಒಳ್ಳೆತನವನ್ನೂ ನಂಬಬಾರದು ಅನ್ನೋದು ನನ್ನ ಸಿದ್ಧಾಂತ. ಬಾಣಾವರ ದಾಟುವವರೆಗೆ ಆಕೆ ನಟರಾಜನ ಹೊಗಳಿಕೆ, ಜಾವಗಲ್ ದಾಟುವವರೆಗೆ ನಾನು ಶಿವುವಿನ ಹೊಗಳಿಕೆ. ಯಜಮಾನರು ಕಿಟಕಿ ಪಕ್ಕ ಕೂತು ಎರಡಕ್ಕೂ ತಲೆಯಾಡಿಸುತ್ತಿದ್ದರು.

"ನಿಮ್ಗೆ ಯಾರ ಕಡೆ ಅಂತ ಗೊತ್ತಿದೆ ತಾನೇ?" ಅಂತ ಅವರ ಕಿವಿಯಲ್ಲಿ ಕೇಳಿದೆ.

"ನಾನು ನಿದ್ದೇಲಿದ್ದೆ ಕಣೇ" ಅಂದರು.

ಕೆರೆಯ ಪಕ್ಕದ ಶಾಲೆಯಲ್ಲಿ ಶಿಬಿರ. ಹಿತ್ತಲಿನಲ್ಲಿ ನಾಲ್ಕು ಕಡೆ ಕಲ್ಲು ಹೂಡಿದ ಒಲೆ, ಒಲೆಯ ಮೇಲೆ ಮಸಿ ಹಿಡಿದ ನಾಲ್ಕು ಪಾತ್ರೆ. ಹುಡುಗರು ಒಬ್ಬರೂ ಕಾಣಲಿಲ್ಲ. ಭೀಮರಾಜ್ ಮೇಷ್ಟ್ರು ಎಲ್ಲ ತಂದೆತಾಯಿಗಳನ್ನೂ ನೆರಳಿಗೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಮೆತ್ತಗಿನ ದನಿಯಲ್ಲಿ ಒಂದು ಬಾಂಬು ಹಾಕಿದರು.

"ಗಂಟು, ಕವಾಯತು, ದಾರಿ ಹುಡುಕೋದು, ಎಲ್ಲದ್ರಲ್ಲೂ ಶಿವಕುಮಾರ ಮತ್ತೆ ನಟರಾಜ ಸಮಸಮ ಬಂದವ್ರೆ. ಇನ್ನು ಉಳಿದಿರೋದು ಅಡುಗೆ. ತನ್ನ ಜೊತೆಯವ್ರಿಗೆ ಬಾಯಿಗೆ ರುಚಿಯಾಗಿ ಊಟ ಹಾಕ್ದೋನೇ ಲೀಡರು. ಅದನ್ನ ನಾನು ಹೇಳೋದಕ್ಕಿಂತ ತಾಯಂದಿರು ಹೇಳ್ಬೇಕು. ನಾಲ್ಕು ಪಾತ್ರೇಲೂ ಸಾರಿದೆ. ಯಾವುದು ಯಾರ್ದು ಅಂತ ಹೇಳಲ್ಲ. ಹುಡುಗರನ್ನ ಕೆರೆ ಏರಿ ಮೇಲೆ ಕೂರಿಸಿದೀನಿ. ನೀವೇ ಜಡ್ಜುಗಳು."

ಪ್ರತಿ ತಾಯಿಗೂ ಸೆರಗು ತುಂಬ ಹುಣಸೆ ಬೀಜ ಹಾಕಿದರು. ಪ್ರತಿ ಪಾತ್ರೆಯ ಮುಂದೆ ಒಂದು ಮುಚ್ಚಿದ ಮಡಕೆ, ಮುಚ್ಚಳದಲ್ಲಿ ತೂತು. ಸಾರಿನ ರುಚಿ ನೋಡಿ ಐದು ಬೀಜದವರೆಗೂ ಹಾಕಬಹುದು. ಅಪ್ಪಂದಿರು ರುಚಿ ನೋಡಬಹುದು, ಬೀಜ ಹಾಕುವಂತಿಲ್ಲ. (ಈ ದೇಶದಲ್ಲಿ ಇಂಥ ಒಂದು ಕಾನೂನು ಮೊದಲೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಆಗ ಅನ್ನಿಸಿತು.)

ನನ್ನ ತಲೆ ಚುರುಕಾಗಿ ಓಡತೊಡಗಿತು. ಶಿವುವಿನ ಪಾತ್ರೆ ಯಾವುದು ಅಂತ ಗೊತ್ತಾದರೆ ಸಾಕು, ಅದಕ್ಕೆ ಐದು ಬೀಜ, ಉಳಿದವಕ್ಕೆ ಸೊನ್ನೆ. ಮೋಸ ಅನ್ನಬೇಡಿ, ಮಾತೃಹೃದಯ ಅನ್ನಿ.

ಮೊದಲ ಪಾತ್ರೆಯಲ್ಲಿ ಬೇಳೆ ಬೆಂದಿರಲಿಲ್ಲ, ಸೊನ್ನೆ. ಎರಡನೆಯದು ಸೀದಿತ್ತು, ಸೊನ್ನೆ. ಮೂರನೆಯದರಲ್ಲಿ ಕಾಯಿತುರಿ ಧಾರಾಳವಾಗಿ ತೇಲುತ್ತಿತ್ತು. ಘಮಘಮ ಅನ್ನುತ್ತಿತ್ತು. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು. ನನಗೆ ತಟ್ಟನೆ ಹೊಳೆಯಿತು. ಕೊಬ್ಬರಿ ಮಂಡಿಯವರ ಮನೆ ಮಗನಲ್ಲದೆ ಇಷ್ಟು ಕಾಯಿ ಹಾಕಲು ಇನ್ಯಾರಿಗೆ ಕೈ ಬರುತ್ತೆ? ಸದ್ದಿಲ್ಲದೆ ಐದು ಬೀಜ ಹಾಕಿದೆ.

ನಾಲ್ಕನೆಯ ಪಾತ್ರೆಯ ಸಾರು ನಾಲಿಗೆಗೆ ತಾಗಿದ್ದೇ ತಡ, ನನ್ನ ಎರಡು ಕಣ್ಣೂ ತಾವಾಗಿಯೇ ಮುಚ್ಚಿಕೊಂಡವು. ಅಬ್ಬಬ್ಬಾ, ಹುಳಿ ಅಂದರೆ ಹುಳಿ! ಹಲ್ಲೆಲ್ಲ ಜುಮ್ ಅಂದವು. ಇದು ನಟರಾಜನದೇ ಅಂತ ತೀರ್ಮಾನ ಮಾಡಿದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಇವತ್ತು ಈ ಕಥೆ ಬರೆಯಬೇಕಾಗಿರಲಿಲ್ಲ. ಆದರೆ ಸುತ್ತ ಅಷ್ಟು ಜನ, ಅದೂ ಜಡ್ಜು ಅನ್ನೋ ಪದವಿ ಬೇರೆ. ನನ್ನ ನಾಲಿಗೆಗೆ ಕಡಿವಾಣ ಎಲ್ಲಿಯದು?

"ಏನ್ ಮೇಷ್ಟ್ರೇ, ಇದು ಸಾರಾ, ಹಿತ್ತಾಳೆ ಪಾತ್ರೆ ತಿಕ್ಕೋ ನೀರಾ?" ಅಂದೆ. ಎಲ್ಲರೂ ನಕ್ಕರು. ನನಗೆ ಹುರುಪು ಬಂತು. "ಇದನ್ನ ದಿನಾ ಉಣ್ಣೋರು ಯಾರೋ ಪಾಪ, ಹೋದ ಜನ್ಮದ ಕರ್ಮ! ಹುಡುಗನ್ನ ಅಂದು ಏನು ಪ್ರಯೋಜನ? ತಾಯಿ ಅನ್ನಿಸ್ಕೊಂಡೋಳು ಮನೇಲಿ ನೆಟ್ಟಗೆ ಮಾಡಿದ್ರೆ ತಾನೇ ಮಗ ಕಲಿಯೋದು?"

ಅಂದವಳು ವೆಂಕಟಲಕ್ಷ್ಮಮ್ಮನ ಕಡೆ ಒಂದು ಓರೆನೋಟ ಬಿಟ್ಟೆ. ಆಕೆ ಆ ಸಾರನ್ನು ಎರಡನೇ ಸಲ ಅಂಗೈಗೆ ಹಾಕಿಸಿಕೊಂಡು ನೆಕ್ಕುತ್ತಿದ್ದಳು. ನಾನು ಮನಸ್ಸಿನಲ್ಲೇ, ಹೆತ್ತ ಕರುಳು ನೋಡಿ, ಅಂದುಕೊಂಡೆ.

ಯಜಮಾನರೂ ರುಚಿ ನೋಡಿದರು. ನೋಡಿದವರೇ ಗಾಬರಿಯಾಗಿ ಕೆಮ್ಮತೊಡಗಿದರು.

"ನೋಡಿ, ನಮ್ಮನೆಯವ್ರಿಗೆ ಗಂಟಲೇ ಹಿಡೀತು!" ಅಂದೆ ನಾನು.

"ಲೇ ಭಾಗ್ಯಾ, ಪರವಾಗಿಲ್ಲ ಕಣೇ, ಒಂದೆರಡು ಬೀಜ ಹಾಕು" ಅಂತ ನನ್ನ ಕಾಲು ತುಳಿದರು.

"ನೀವು ಸುಮ್ನಿರಿ. ಸಾರಿನ ವಿಷಯ ನಿಮ್ಗೇನು ಗೊತ್ತು?"

"ಈ ಸಾರಿನ ವಿಷಯ ಗೊತ್ತು ಕಣೇ…"

"ಅಪ್ಪಂದಿರು ಮಾತಾಡೋ ಹಂಗಿಲ್ಲ. ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಹೌದು ಅನ್ನುವಂತೆ ತಲೆಯಾಡಿಸಿದರು. ಯಜಮಾನರು ನೆರಳಿಗೆ ಹೋಗಿ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ನಾಲ್ಕನೇ ಮಡಕೆಗೆ ಒಂದು ಬೀಜವನ್ನೂ ಹಾಕದೆ, ಉಳಿದದ್ದನ್ನೆಲ್ಲ ಸೆರಗಿನಿಂದ ಕೊಡವಿ, ಗತ್ತಿನಿಂದ ನಡೆದು ಬಂದೆ.

ಮೇಷ್ಟ್ರು ಸೀಟಿ ಊದಿದರು. ಹುಡುಗರು ಸಾಲಾಗಿ ಬಂದರು. "ಅವರವರ ಪಾತ್ರೆ ಹಿಂದೆ ನಿಂತ್ಕೊಳಿ" ಅಂದರು ಮೇಷ್ಟ್ರು. ಕಾಯಿತುರಿಯ ಪಾತ್ರೆಯ ಹಿಂದೆ ನಟರಾಜ ಹೋಗಿ ನಿಂತ. ನಮ್ಮ ಶಿವು, ಮೂಗಿನ ಮೇಲೆ ಮಸಿ ಮೆತ್ತಿಕೊಂಡು, ನನ್ನ ಕಡೆ ನೋಡಿ ಹಲ್ಲು ಬಿಡುತ್ತಾ, ಹೋಗಿ ನಿಂತದ್ದು ನಾಲ್ಕನೆಯ ಪಾತ್ರೆಯ ಹಿಂದೆ.

ಮಡಕೆ ಬೋರಲು ಹಾಕಿ ಬೀಜ ಎಣಿಸಿದರು. ನಟರಾಜನಿಗೆ ಮೂರು ಬೀಜ ಜಾಸ್ತಿ. ನಾನು ನಾಲ್ಕನೇ ಮಡಕೆಗೆ ಕೈ ಬಿಚ್ಚಿದ್ದರೆ ನನ್ನ ಮಗನೇ ಬಾವುಟ ಹಿಡಿಯುತ್ತಿದ್ದ. ಊರವರೆಲ್ಲ ಅವನಿಗೆ ಬೀಜ ಹಾಕಿದ್ದರು. ಹಾಕದೇ ಇದ್ದವಳು ಹೆತ್ತ ತಾಯಿ ಒಬ್ಬಳೇ.

"ಮೇಷ್ಟ್ರೇ, ನಂದೊಂದು ಐದು ಬೀಜ ಕೆಳಗೆ ಬಿದ್ದುಹೋಗಿತ್ತು" ಅಂತ ನಾನು ನೆಲದಲ್ಲಿ ಹುಡುಕಲು ಹೋದೆ.

"ತೀರ್ಪು ತೀರ್ಪೇ ಅಲ್ವಾ ಅಮ್ಮ?" ಅಂದರು ಅವರು.

ಶಿವು ನಟರಾಜನ ಹತ್ತಿರ ಹೋಗಿ ಎಡಗೈ ಕುಲುಕಿದ. ಸ್ಕೌಟಿನವರು ಎಡಗೈಯನ್ನೇ ಕುಲುಕೋದಂತೆ. ಆಮೇಲೆ ನನ್ನ ಹತ್ತಿರ ಬಂದ. ಕಣ್ಣಲ್ಲಿ ನೀರು ತುಂಬಿತ್ತು, ಕೆಳಗೆ ಬೀಳಲು ಬಿಟ್ಟಿರಲಿಲ್ಲ.

"ಅಮ್ಮ, ನೀನು ಮಾಡೋ ಹಂಗೇ ಮಾಡ್ದೆನಲ್ಲಮ್ಮ. ನೀನು ನಿಂಬೆಹಣ್ಣಿನ ಗಾತ್ರ ಹುಣಸೆಹಣ್ಣು ಹಾಕ್ತೀಯ. ಆಮೇಲೆ 'ಅಯ್ಯೋ, ಸಾಲ್ದೇನೋ' ಅಂತ ಇನ್ನೊಂದು ಉಂಡೆ ಹಾಕ್ತೀಯ. ನಾನೂ 'ಅಯ್ಯೋ, ಸಾಲ್ದೇನೋ' ಅಂತಾನೇ ಹಾಕ್ದೆ."

ಸುತ್ತ ನಿಂತವರು ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು.

ನಿಮಗೆ ಅನುಮಾನ ಬರಬಹುದು, ತನ್ನ ಸಾರು ತನಗೇ ಗೊತ್ತಾಗಲಿಲ್ಲವೇ ಅಂತ. ನೀವು ಗಂಡಸಾಗಿದ್ದರೆ ಹಾಗೆ ಕೇಳುತ್ತೀರಿ. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲ. ಪೂಜೆ ಆದ ಮೇಲೆ ಅವರು ಉಣ್ಣಬೇಕು, ಅತ್ತೆ ಉಣ್ಣಬೇಕು, ಶಿವು ಉಣ್ಣಬೇಕು. ಎಲ್ಲರದೂ ಮುಗಿದು ನಾನು ಕೂರುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಬರೀ ಗಷ್ಟು ಉಳಿದಿರುತ್ತದೆ. ನಾನು ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು, ಉಪ್ಪಿನಕಾಯಿ ನೆಂಚಿಕೊಂಡು ಏಳುತ್ತೇನೆ. ಮದುವೆಯಾದಾಗಿನಿಂದ ನನ್ನ ಸಾರನ್ನು ಬಿಸಿಬಿಸಿಯಾಗಿ ನಾನು ಉಂಡದ್ದು ಅವತ್ತೇ ಮೊದಲು, ಆ ಹಳೇಬೀಡಿನಲ್ಲಿ.

ಯಜಮಾನರನ್ನು ಮರದ ಹಿಂದಕ್ಕೆ ಎಳೆದೆ. "ಇಷ್ಟು ವರ್ಷ ಬಾಯಲ್ಲಿ ಏನು ಇಟ್ಕೊಂಡಿದ್ರಿ? ಒಂದು ಮಾತು ಹೇಳ್ಬಾರ್ದಿತ್ತಾ?"

"ಅಂಥ ಧೈರ್ಯ ಬರೋಕೆ ನಾನೇನು ಸ್ಕೌಟಾ?" ಅಂದರು.

ಅಷ್ಟರಲ್ಲಿ ವೆಂಕಟಲಕ್ಷ್ಮಮ್ಮ ಬಂದು ನನ್ನ ಭುಜ ಹಿಡಿದಳು. "ಬೇಜಾರು ಮಾಡ್ಕೋಬೇಡಿ ಭಾಗ್ಯಮ್ಮ. ನಾನು ನಿಮ್ಮ ಶಿವೂಗೆ ಐದಕ್ಕೆ ಐದೂ ಹಾಕ್ದೆ ಕಣ್ರೀ. ಬಾಯಿಗೆ ಬಿಟ್ಕೊಂಡ ತಕ್ಷಣ ಗೊತ್ತಾಯ್ತು ನಿಮ್ಮನೆ ಸಾರು ಅಂತ. ಯುಗಾದಿಗೆ ಕೊಟ್ಟು ಕಳಿಸ್ತೀರಲ್ಲ."

"ನಿಮ್ಗೆ ಇಷ್ಟವೇನ್ರೀ ಅದು?" ಅಂತ ಆಸೆಯಿಂದ ಕೇಳಿದೆ.

"ಇಷ್ಟ ಇಲ್ದೆ ಏನು? ಎರಡು ಚೊಂಬು ನೀರು, ಒಂದು ಅಚ್ಚು ಬೆಲ್ಲ ಹಾಕಿ ಕುದಿಸ್ಕೊಂಡ್ರೆ ಬಾಳ ಚೆನ್ನಾಗಿರ್ತದೆ."

ಊಟಕ್ಕೆ ಸಾಲು ಹಾಕಿದರು. ಮುತ್ತುಗದ ಎಲೆ, ಬಿಸಿ ಅನ್ನ. ಶಿಬಿರದ ಪದ್ಧತಿಯಂತೆ ಅಮ್ಮಂದಿರೆಲ್ಲ ಮೊದಲ ಪಂಕ್ತಿ. ಶಿವು ತನ್ನ ಪಾತ್ರೆ ಹೊತ್ತುಕೊಂಡು ಬಂದು ನನ್ನ ಎಲೆಯ ಮುಂದೆ ನಿಂತ. ಕಣ್ಣು ಒರೆಸಿಕೊಂಡಿದ್ದ. ಮೂಗಿನ ಮಸಿ ಕೆನ್ನೆಗೆಲ್ಲ ಹರಡಿತ್ತು.

"ಅಮ್ಮ, ಹಾಕ್ಲಾ? ಬೇಡ ಅಂದ್ರೆ ನಟರಾಜಂದು ಹಾಕಿಸ್ತೀನಿ."

"ನಿಂದೇ ಹಾಕಪ್ಪ, ನನ್ನ ರಾಜ. ತುಂಬ ಹಾಕು" ಅಂದೆ. ಅಷ್ಟೂ ಜನರ ಮುಂದೆ ಕಲಸಿ ಕಲಸಿ ಉಂಡೆ. ಕಣ್ಣಲ್ಲಿ ನೀರು ದಳದಳ ಇಳಿಯಿತು. ಅದರಲ್ಲಿ ಹುಳಿಯದೆಷ್ಟು, ನನ್ನ ಸಂಕಟದ್ದೆಷ್ಟು ಅಂತ ನನಗೂ ಗೊತ್ತಾಗಲಿಲ್ಲ. ಹುಡುಗನ ಮುಖ ಅರಳಿತು. ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡೆ.

ಅವನು ಖುಷಿಯಿಂದ ಎದುರು ಸಾಲಿಗೆ ಹೋಗಿ, ಆಗ ತಾನೇ ಕೂತಿದ್ದ ಅವರಪ್ಪನ ಮುಂದೆ ಬಗ್ಗಿದ. ಯಜಮಾನರು ಎರಡೂ ಕೈ ಚಾಚಿ ಎಲೆಯನ್ನು ಮುಚ್ಚಿಕೊಂಡರು.

"ಬೇಡಪ್ಪ ಮಗನೇ, ನನಗೆ ಮನೇಲಿ ದಿನಾ ಸಿಗ್ತದೆ" ಅಂದು, ಅತ್ತ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕೂಗಿದರು, "ಲೋ ನಟರಾಜ, ಆ ಕಾಯಿ ಸಾರು ಇತ್ತ ತಾರೋ, ಬೇಗ!"