ಉಜ್ಜಿ ನುಣುಪು ಮಾಡಿದ ಬ್ರೈಲ್ ಫಲಕಕ್ಕೊಂದು ಅಭಿನಂದನೆ

ವಸ್ತುಸಂಗ್ರಹಾಲಯದ ಮಾನ್ಯ ಮುಖ್ಯಾಧಿಕಾರಿಗಳೇ,

ತಮಗೂ, ತಮ್ಮ ಗಾಜಿನ ಪೆಟ್ಟಿಗೆಗಳಿಗೂ, ಮೂರನೆಯ ಕೊಠಡಿಯ ಕಾವಲುಗಾರರಿಗೂ ಸವಿನಯ ವಂದನೆಗಳು.

'ಕಣ್ಣು ಕಾಣದವರಿಗೂ, ಕಿವಿ ಕೇಳದವರಿಗೂ ಸ್ವಾಗತ' ಎಂಬ ತಮ್ಮ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಓದಿ, ಕಳೆದ ತಿಂಗಳ ಮೊದಲ ಮಂಗಳವಾರ ನನ್ನ ಅಕ್ಕನನ್ನು ಕರೆತಂದೆ. ಮಡಕೆ ಕಾರ್ಖಾನೆಯ ತಿಗರಿಯ ಮುಂದೆ ಮೂವತ್ತೆಂಟು ವರ್ಷ ಕೂತವಳು. ಕಣ್ಣು ಹೋಗಿ ಆರು ವರ್ಷವಾಯಿತು. ಕಿವಿ ಕೇಳದವರ ಅನುಕೂಲಕ್ಕೆಂದು ತಾವು ಹೆಬ್ಬಾಗಿಲ ಧ್ವನಿವರ್ಧಕದ ಸದ್ದನ್ನು ಇಮ್ಮಡಿಗೊಳಿಸಿರುವುದರಿಂದ, ಅಲ್ಲಿ, ಆಕೆಗೆ ದಾರಿ ಹೇಳುವ ಶ್ರಮ ನನಗೆ ತಪ್ಪಿತು. ಹೇಳಿದರೂ ಕೇಳಿಸುತ್ತಿರಲಿಲ್ಲ.

ಮೂರನೆಯ ಕೊಠಡಿಯಲ್ಲಿ, ಮಣ್ಣಿನ ಪಾತ್ರೆಗಳ ಮುಂದಿನ ಹಿತ್ತಾಳೆಯ ಬ್ರೈಲ್ ಫಲಕದ ಮೇಲೆ ಅಕ್ಕ ಬೆರಳಾಡಿಸಿದಳು. "ಇದೇನೋ ತಮ್ಮಾ, ಬೋಳುತಲೆ ಸವರಿದ ಹಾಗಿದೆ!" ಎಂದಳು. ಕಾವಲುಗಾರರು ಹೆಮ್ಮೆಯಿಂದ ವಿವರಿಸಿದರು: "ಬಂದಾಗ ಬರೀ ಗುಳ್ಳೆ ಗುಳ್ಳೆ ಇತ್ತಮ್ಮಾ. ಉದ್ಘಾಟನೆಗೆ ಚೆನ್ನಾಗಿರಲಿ ಅಂತ ಉಪ್ಪುಕಾಗದದಲ್ಲಿ ಎರಡು ದಿನ ಉಜ್ಜಿಸಿದ್ವಿ."

ಆ ಹೊಳಪನ್ನು ಎಷ್ಟು ಹೊಗಳಿದರೂ ಸಾಲದು; ನಾನು ಅದರಲ್ಲೇ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡೆ. ಉಬ್ಬುತಗ್ಗುಗಳ ಮೇಲೆ ಇಷ್ಟು ಹಗೆಯಿರುವ ಕೆಲಸಗಾರರನ್ನು ನಮ್ಮ ಬೀದಿಯ ರಸ್ತೆಗೂ ಒಂದು ವಾರ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಫಲಕದ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿದ್ದ ಎತ್ತರದ ಹೂಜಿಯ ಚೀಟಿಯಲ್ಲಿ 'ಮಾಡಿದವರು ಯಾರೆಂದು ತಿಳಿದಿಲ್ಲ' ಎಂದಿತ್ತು. ಅದರ ಆಕಾರವನ್ನು ನಾನು ವರ್ಣಿಸುತ್ತಿದ್ದಂತೆ ಅಕ್ಕನ ಕೈ ತಾನಾಗಿ ಮೇಲೆದ್ದಿತು. "ಅದು ನಂದು ಕಣೋ. ಹಿಡಿಕೆ ಕೆಳಗೆ ಹೆಬ್ಬೆರಳು ಒತ್ತಿರ್ತೀನಿ. ಒಂದ್ಸಲ ಮುಟ್ಟಿದ್ರೆ ಸಾಕು, ಹೇಳಿಬಿಡ್ತೀನಿ."

"ಮುಟ್ಟಿದ್ರೆ ಹಾಳಾಗುತ್ತಮ್ಮಾ" ಎಂದರು ಕಾವಲುಗಾರರು.

"ತುಳಿದು, ಬಡಿದು, ಬೆಂಕಿಗೆ ಹಾಕಿದೋಳು ನಾನಪ್ಪಾ. ಆಗ ಹಾಳಾಗದ್ದು ಈಗ ನನ್ನ ಬೆರಳು ತಾಗಿದ್ರೆ ಹಾಳಾಗುತ್ತಾ?"

ಈ ಪ್ರಶ್ನೆಗೆ ತಮ್ಮ ನಿಯಮಾವಳಿಯಲ್ಲಿ ಉತ್ತರವಿದ್ದರೆ ಓದಿ ಧನ್ಯರಾಗುತ್ತೇವೆ. ಇಲ್ಲವಾದರೆ ಒಂದೇ ಒಂದು ನಿಮಿಷ ಆ ಗಾಜನ್ನು ತೆರೆಯಿರಿ. ಗುರುತು ಸಿಗದಿದ್ದರೆ ಅಕ್ಕ ಕ್ಷಮೆ ಕೇಳಿ ಹೊರಡುತ್ತಾಳೆ. ಸಿಕ್ಕರೆ ಆ ಚೀಟಿಯನ್ನು ತಿದ್ದುವ ಕಷ್ಟ ಮಾತ್ರ ತಮ್ಮದು.

ಉತ್ತರ ಬರುವವರೆಗೂ, ಬಾರದಿದ್ದರೆ ಇನ್ನೂ ಹೆಚ್ಚಾಗಿ,
ತಮ್ಮ ವಿಶ್ವಾಸಿ,
ಹೂಜಿಯವಳ ತಮ್ಮ

ಮರೆತ ಮಾತು: ಎಲ್ಲರೂ ಮುಟ್ಟಿ ನೋಡಲೆಂದು ಅಕ್ಕ ಅಂಥದ್ದೇ ಇನ್ನೊಂದು ಹೂಜಿ ಮಾಡಿದ್ದಾಳೆ, ಈ ಪತ್ರದ ಜೊತೆಗೇ ಕಳುಹಿಸುತ್ತಿದ್ದೇನೆ. ಹಿಡಿಕೆಯ ಕೆಳಗೊಂದು ಸಣ್ಣ ಗುಳಿ ಇದೆ. ಉದ್ಘಾಟನೆಗೆ ಚೆನ್ನಾಗಿರಲಿ ಎಂದು ಅದಕ್ಕೆ ಯಾರೂ ಸಿಮೆಂಟು ಮೆತ್ತದಂತೆ ನೋಡಿಕೊಳ್ಳಿ.